ಹಳೆಯ ಅಂಬಾಸಿಡರಿನಲ್ಲಿ ಕನ್ನಡದ ಪಾಠ

ಗಡಿನಾಡಿನ ಮಕ್ಕಳನ್ನು ರಜೆಯಲ್ಲಿ ಕಾರಿನಲ್ಲಿ ಕೂರಿಸಿಕೊಂಡು ಕನ್ನಡ ನಾಡನ್ನು ಸುತ್ತಿಸಬೇಕು, ಅದೂ ನಿಧಾನವಾಗಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಶೂನ್ಯಸಂಪಾದನಕಾರರಲ್ಲೊಬ್ಬರಾದ ಸಿದ್ಧಲಿಂಗದೇವರ ಹೆಸರಿನೊಡನೆ ಬೆರೆತಿರುವ ನಮ್ಮ ಗುಮ್ಮಳಾಪುರವು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯ ಆಚೆಗೇ ಉಳಿಯಿತು. ಮನೆಯ ಮಾತು ಕನ್ನಡ, ಬಸ್ಸಿನ ಫಲಕ ತಮಿಳು.

ಇಂಥ ಪಯಣಕ್ಕೆ ನಮ್ಮ ಮನೆಯ ಹಳೆಯ ಅಂಬಾಸಿಡರಿಗೆ ಸಮನಾದುದು ಬೇರಿಲ್ಲ. ಅದರ ತಯಾರಿಕೆ 2014ರಲ್ಲಿ ನಿಂತಿತು. ನಮ್ಮ ಕಾರು ಮಾತ್ರ ನಿಂತಿಲ್ಲ! ತಳಿಯಿಂದ ಆನೇಕಲ್ಲಿನತ್ತ ಗಡಿ ದಾಟುತ್ತಲೇ ಹಿಂದಿನ ಸೀಟಿನಲ್ಲಿ ಅಂಗಡಿಗಳ ಫಲಕ ಓದುವ ಪೈಪೋಟಿ. ಏರಿನಲ್ಲಿ ಇಂಜಿನ್ ಕಾದರೆ ರೇಡಿಯೇಟರಿಗೆ ನೀರು ತರಲು ಮಕ್ಕಳನ್ನೇ ಕಳುಹಿಸುತ್ತೇವೆ. "ಸ್ವಲ್ಪ ನೀರು ಕೊಡ್ತೀರಾ ಅಕ್ಕಾ?" ಎಂದು ಕೇಳಿ, "ಯಾವೂರಪ್ಪಾ ನಿಮ್ದು?" ಎಂಬುದಕ್ಕೆ ಉತ್ತರಿಸಿ ಬರುವ ಆ ಪಾಠ ಯಾವ ಪುಸ್ತಕದಲ್ಲಿದೆ?

ಶ್ರವಣಬೆಳಗೊಳವನ್ನಂತೂ ಬಿಡಬಾರದು. 58 ಅಡಿ ಎತ್ತರದ ಗೊಮ್ಮಟನ ಪಾದದ ಬಳಿ, ಚಾವುಂಡರಾಯನು ಆ ಮೂರ್ತಿಯನ್ನು ಮಾಡಿಸಿದ ಸಂಗತಿಯನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕೆತ್ತಲಾಗಿದೆ. ಎರಡು ನುಡಿಗಳ ನಡುವೆ ಬೆಳೆಯುವ ಮಕ್ಕಳು ಅದನ್ನು ಕಣ್ಣಾರೆ ಕಾಣಬೇಕು.

ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಮುಂದಿನ ರಜೆಗೆ ಕಾರಿನಲ್ಲಿ ಊರಿಗೆ ಬಂದು ಪ್ರವಾಸ ಹೊರಡುವಾಗ, ನೆರೆಮನೆಯ ಮಗುವೊಂದಕ್ಕೂ ಜಾಗ ಮಾಡಿಕೊಡಿ.