ಕುರಿ ಫಾರಂ ಮಾಡುವವರೇ, ಶೆಡ್ ಕಟ್ಟುವ ಮುಂಚೆ ಮರಿ ಎಣಿಸಿ

ಕನಕಪುರದಿಂದ ಸಾತನೂರು ಕಡೆಗೋ ಕೋಡಿಹಳ್ಳಿ ಕಡೆಗೋ ಬೈಕಿನಲ್ಲಿ ಹೋದರೆ ರಸ್ತೆ ಪಕ್ಕ ಅಲ್ಲೊಂದು ಇಲ್ಲೊಂದು ತಗಡಿನ ಉದ್ದ ಶೆಡ್ ಕಾಣುತ್ತದೆ. ಕೆಲವದರಲ್ಲಿ ಕುರಿಗಳಿವೆ. ಕೆಲವದರಲ್ಲಿ ಈಗ ತೆಂಗಿನಕಾಯಿ, ಹಳೇ ಪೈಪು, ಕೆಟ್ಟ ಮೋಟಾರು ತುಂಬಿವೆ. ಯಾಕಪ್ಪ ಹೀಗಾಯ್ತು ಅಂತ ಕೇಳಿದರೆ ಬರುವ ಉತ್ತರ ಒಂದೇ: "ಕುರಿ ನಮ್ಮ ಕೈ ಹಿಡೀಲಿಲ್ಲ."

ನಮ್ಮ ಬಳಗದ ಒಬ್ಬರ ಮನೆಯಲ್ಲೂ ಇದೇ ಆಯಿತು. ಅಣ್ಣ ಬೆಂಗಳೂರಿನ ಕೆಲಸ ಬಿಟ್ಟು ಬಂದ. ಸಾಲದ ಹಣದಲ್ಲಿ ಹೆಚ್ಚು ಭಾಗ ಶೆಡ್‌ಗೆ ಹೋಯಿತು, ಮಿಕ್ಕಿದ್ದರಲ್ಲಿ ಸಂತೆಯಿಂದ ಒಂದೇ ಸಲ 30 ಕುರಿ ಬಂದವು. ಮುಂಗಾರಿನ ಮೊದಲ ಮಳೆಗೆ ಬಯಲೆಲ್ಲ ಹಸಿರಾದಾಗ ಮನೆಯವರೆಲ್ಲ ಖುಷಿಪಟ್ಟರು. ಹದಿನೈದು ದಿನ ಕಳೆಯುವುದರೊಳಗೆ, ರಾತ್ರಿ ಚೆನ್ನಾಗಿ ಮೇದು ಮಲಗಿದ್ದ ಮರಿಗಳು ಬೆಳಿಗ್ಗೆ ಸತ್ತು ಬಿದ್ದಿದ್ದವು. ಅದೂ ದಷ್ಟಪುಷ್ಟವಾಗಿದ್ದ ಮರಿಗಳೇ. ಕಣ್ಣು ಬಿತ್ತು ಅಂದರು ಕೆಲವರು. ಅದು ಕರುಳು ಬೇನೆ ಅಂತ ಗೊತ್ತಾಗಿದ್ದು ಆಮೇಲೆ. ಮಳೆಗೆ ಮುಂಚೆ ಹಾಕಿಸಬೇಕಿದ್ದ ಲಸಿಕೆ ಹಾಕಿಸಿರಲಿಲ್ಲ.

ಆಗಿನಿಂದ ನಾವು ಯಾರ ಫಾರಂ ನೋಡಲು ಹೋದರೂ ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಹತ್ತಿರ ಎಷ್ಟು ಕುರಿ ಇದೆ ಅಂತಲ್ಲ. ಹೋದ ವರ್ಷ ಎಷ್ಟು ಮರಿ ಹುಟ್ಟಿತು, ಮೂರು ತಿಂಗಳು ದಾಟಿದ್ದು ಎಷ್ಟು? ಇದಕ್ಕೆ ಪುಸ್ತಕ ತೆಗೆದು ಉತ್ತರ ಹೇಳುವವರು ಉಳಿದುಕೊಂಡಿದ್ದಾರೆ. ಶೆಡ್ ತೋರಿಸುವವರ ಬಗ್ಗೆ ನಮಗೆ ಭಯ.

ಮೊಬೈಲಿನ ಲೆಕ್ಕ, ಕೊಟ್ಟಿಗೆಯ ಲೆಕ್ಕ

ಮೊಬೈಲಿನಲ್ಲಿ ಬರುವ ವಿಡಿಯೋಗಳ ಲೆಕ್ಕ ನೀವೂ ಕೇಳಿರುತ್ತೀರಿ. ಒಂದು ಕುರಿ ವರ್ಷಕ್ಕೆ ಎರಡು ಸಲ ಈಯುತ್ತದೆ, ಸಲಕ್ಕೆ ಎರಡು ಮರಿ, ಅಲ್ಲಿಗೆ ನಾಲ್ಕು. ನೂರು ಕುರಿಗೆ ನಾನೂರು ಮರಿ.

ಕುರಿ ಗಬ್ಬವಾಗಿ ಈಯಲು ಸುಮಾರು 150 ದಿನ ಬೇಕು. ಈದ ಮೇಲೆ ಮರಿಗೆ ಹಾಲು ಕೊಟ್ಟು, ಮೈ ಕೂಡಿಕೊಂಡು, ಮತ್ತೆ ಬೆದೆಗೆ ಬಂದು ಗಬ್ಬ ನಿಲ್ಲಬೇಕು. ಮೇವು, ಆರೈಕೆ ಎಲ್ಲ ಚೆನ್ನಾಗಿದ್ದರೆ ಎರಡು ವರ್ಷಕ್ಕೆ ಮೂರು ಸಲ ಈಯುತ್ತದೆ. ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಮಾಂಸಕ್ಕೆ ಹೆಸರುವಾಸಿ, ಆದರೆ ಹೆಚ್ಚಾಗಿ ಹಾಕುವುದು ಒಂದೇ ಮರಿ. ಮಹಾರಾಷ್ಟ್ರದ ಫಲ್ಟಣದಲ್ಲಿ ಅಭಿವೃದ್ಧಿ ಮಾಡಿದ ನಾರಿ ಸುವರ್ಣ ತಳಿ ಅವಳಿ ಮರಿ ಹಾಕುವುದು ಹೆಚ್ಚು, ನಿಜ. ಆದರೆ ಎರಡು ಮರಿಗೆ ಆಗುವಷ್ಟು ಹಾಲು ತಾಯಿಯಲ್ಲಿ ಬರಬೇಕಾದರೆ ಮೇವೂ ಅಷ್ಟೇ ಕೊಡಬೇಕು.

ಈಗ ಒಂದು ಲೆಕ್ಕ ಮಾಡೋಣ. ಬೆಲೆಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ಬೆಲೆ ಹಾಕಿ ನೀವೇ ಮತ್ತೆ ಮಾಡಿ ನೋಡಿ.

20 ಹೆಣ್ಣು ಕುರಿ, ಒಂದು ಟಗರು. ಎಲ್ಲವೂ ಎರಡು ವರ್ಷಕ್ಕೆ ಮೂರು ಸಲ ಈದರೆ ವರ್ಷಕ್ಕೆ 30 ಮರಿ. ಐದಕ್ಕೆ ಒಂದು ಸತ್ತರೆ ಉಳಿಯುವುದು 24. ಮುದಿ ಕುರಿಗಳ ಜಾಗಕ್ಕೆ ನಾಲ್ಕು ಹೆಣ್ಣು ಮರಿ ಇಟ್ಟುಕೊಂಡರೆ ಮಾರಲು ಸಿಗುವುದು 20. ಮರಿಗೆ 8,000 ರೂಪಾಯಿ ಅಂದುಕೊಂಡರೆ 1,60,000.

ಮೇವನ್ನೆಲ್ಲ ದುಡ್ಡು ಕೊಟ್ಟು ತಂದರೆ? ಒಂದು ಕುರಿಗೆ ದಿನಕ್ಕೆ 15 ರೂಪಾಯಿ ಹಿಡಿದರೂ 20 ಕುರಿಗೆ ವರ್ಷಕ್ಕೆ 1,09,500. ಉಳಿಯಿತು 50,500. ಶೆಡ್‌ಗೆ ಐದು ಲಕ್ಷ ಸಾಲ, ನೂರಕ್ಕೆ ಹತ್ತರ ಬಡ್ಡಿ, ಅದು 50,000. ಮುದಿ ಕುರಿ ಮತ್ತು ಗೊಬ್ಬರ ಮಾರಿದ ದುಡ್ಡು ಮರಿಗಳ ಮೇವಿಗೆ, ಔಷಧಿಗೆ, ಟಗರಿಗೆ ಸರಿಹೋಯಿತು ಅಂದುಕೊಳ್ಳಿ. ವರ್ಷವೆಲ್ಲ ದುಡಿದದ್ದಕ್ಕೆ ಕೈಗೆ ಬಂದದ್ದು 500 ರೂಪಾಯಿ. ಅಸಲು ಹಾಗೇ ಇದೆ.

ಇದರಲ್ಲಿ ಕುರಿಯ ತಪ್ಪು ಏನಿದೆ?

ಹುಟ್ಟಿದ ಮರಿ ಉಳಿಸುವುದು

ಸತ್ತ ಆರು ಮರಿಗಳಲ್ಲಿ ನಾಲ್ಕನ್ನು ಉಳಿಸಿದರೆ ಅಲ್ಲೇ 32,000 ರೂಪಾಯಿ. ಇದಕ್ಕೆ ದೊಡ್ಡ ಬಂಡವಾಳ ಬೇಡ, ಹೊತ್ತಿಗೆ ಸರಿಯಾಗಿ ಕೈ ಓಡಬೇಕು.

ಗಬ್ಬದ ಕೊನೆಯ ಒಂದೂವರೆ ತಿಂಗಳು ತಾಯಿಗೆ ಸ್ವಲ್ಪ ಹಿಂಡಿ, ಬೂಸಾ ಹೆಚ್ಚಿಗೆ ಕೊಡಬೇಕು. ಮರಿ ಹೊಟ್ಟೆಯಲ್ಲಿ ಬೆಳೆಯುವುದೇ ಆಗ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. ಎರಡು ಕೆ.ಜಿ. ಮರಿಗೆ ಮೊದಲ ದಿನ ಸುಮಾರು 200 ಮಿ.ಲೀ. ಹೋಗಬೇಕು, ಸ್ವಲ್ಪ ಸ್ವಲ್ಪವಾಗಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಬೇಕು. ಮಲಗುವ ಜಾಗ ಒಣಗಿರಬೇಕು. ಗಾಳಿ ಮಳೆಯ ರಾತ್ರಿ ಒಂದು ಗೋಣಿಚೀಲದ ಪರದೆ ಮರಿಯನ್ನು ಉಳಿಸುತ್ತದೆ.

ಕರುಳು ಬೇನೆ ಲಸಿಕೆ ಮುಂಗಾರಿಗೆ ಮುಂಚೆಯೇ ಆಗಬೇಕು. ಮೊದಲ ಸಲ ಹಾಕಿಸುವ ಕುರಿಗೆ ಎರಡು ವಾರ ಬಿಟ್ಟು ಇನ್ನೊಂದು ಸಲ ಹಾಕಿಸಬೇಕು. ಹೊಸ ಚಿಗುರಿಗೆ ಹಸಿದ ಹೊಟ್ಟೆಯಲ್ಲಿ ಬಿಡಬೇಡಿ, ಸ್ವಲ್ಪ ಒಣಹುಲ್ಲು ತಿನ್ನಿಸಿ ಬಿಡಿ. ಪಿ.ಪಿ.ಆರ್. ಲಸಿಕೆ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಪಾಡುತ್ತದೆ. ನೀಲಿ ನಾಲಿಗೆ ರೋಗ ಹರಡುವುದು ಸಣ್ಣ ನುಸಿಯಿಂದ, ಆದ್ದರಿಂದ ಮಳೆಗಾಲದಲ್ಲಿ ರೊಪ್ಪದ ಸುತ್ತ ನೀರು ನಿಲ್ಲಬಾರದು. ಹೊಸದಾಗಿ ತಂದ ಕುರಿಯನ್ನು ಮೂರು ವಾರವಾದರೂ ಬೇರೆ ಕಟ್ಟಿ. ಸಂತೆಯಿಂದ ಬಂದ ಒಂದು ಕೆಮ್ಮುವ ಕುರಿ ಇಡೀ ಮಂದೆಗೆ ರೋಗ ಹಚ್ಚಬಹುದು.

ಕಾಯಿಲೆ ಬಿದ್ದಾಗ 1962ಕ್ಕೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ ಅದು. ಕುರಿ ಸತ್ತರೆ ಹೂಳುವ ಮುಂಚೆ ಪಶು ಆಸ್ಪತ್ರೆಗೆ ತಿಳಿಸಿ. ಮರಣೋತ್ತರ ಪರೀಕ್ಷೆಯಿಂದ ಮಿಕ್ಕ ಕುರಿಗಳನ್ನು ಹೇಗೆ ಉಳಿಸಬೇಕು ಅಂತಲೂ ಗೊತ್ತಾಗುತ್ತದೆ. ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರ ಕೇಳುವುದಕ್ಕೂ ಅದು ಬೇಕು. ಆಕಸ್ಮಿಕವಾಗಿ ಸತ್ತ ಕುರಿಗೆ ಕೊಡುವ ಈ ಪರಿಹಾರವನ್ನು 2025-26ರ ಬಜೆಟ್‌ನಲ್ಲಿ 5,000ದಿಂದ 7,500 ರೂಪಾಯಿಗೆ ಏರಿಸಿದ್ದಾರೆ.

ನಮ್ಮ ತಾಲ್ಲೂಕಿನಲ್ಲಿ ಮೇವಿಗೆ ಬರವಿಲ್ಲ

ಕನಕಪುರದ ಕಡೆ ರೇಷ್ಮೆ ಇದೆ, ರಾಗಿ ಇದೆ, ಹುರುಳಿ ಇದೆ. ರೇಷ್ಮೆ ಹುಳು ತಿಂದು ಬಿಟ್ಟ ಸೊಪ್ಪು, ಎಳೆ ಕಡ್ಡಿಯನ್ನು ಕುರಿಗೆ ಹಾಕುವುದು ನಮ್ಮ ಹಿರಿಯರು ಮೊದಲಿಂದ ಮಾಡಿಕೊಂಡು ಬಂದದ್ದು. ಹಿಪ್ಪುನೇರಳೆ ಸೊಪ್ಪಿನಲ್ಲಿ ಒಣ ತೂಕಕ್ಕೆ ಶೇ 15ಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಅಂಗಡಿಯ ಹಿಂಡಿಯ ಖರ್ಚನ್ನು ಇದೇ ಎಷ್ಟೋ ಇಳಿಸುತ್ತದೆ. ಒಂದು ಎಚ್ಚರಿಕೆ: ಹುಳುವಿನ ಹಾಸಿಗೆಗೆ ಸುಣ್ಣ, ಔಷಧಿ ಪುಡಿ ಉದುರಿಸಿದ್ದರೆ ಆ ಸೊಪ್ಪು ಬೇಡ. ಬೂಷ್ಟು ಹಿಡಿದದ್ದೂ ಬೇಡ.

ಬದುವಿನಲ್ಲಿ ಅಗಸೆ, ಸುಬಾಬುಲ್, ಗೊಬ್ಬರದ ಗಿಡ ಹಾಕಿ. ರಾಗಿ ಹುಲ್ಲನ್ನು ಕತ್ತರಿಸಿ ಹುರುಳಿ ಹೊಟ್ಟಿನ ಜೊತೆ ಕೊಡಿ. ಕುರಿ ತರುವುದಕ್ಕೆ ಆರು ತಿಂಗಳ ಮುಂಚೆ ಮೇವು ನೆಡಬೇಕು. ನಮ್ಮಲ್ಲಿ ಕುರಿ ಬಂದ ಮೇಲೆ ಮೇವಿಗೆ ಓಡಾಡುತ್ತಾರೆ. ಅರ್ಧ ಮೇವು ಹೊಲದಲ್ಲೇ ಸಿಕ್ಕರೆ ಮೇಲಿನ ಲೆಕ್ಕದಲ್ಲಿ ಸುಮಾರು 54,000 ರೂಪಾಯಿ ಮಿಗುತ್ತದೆ.

ಶೆಡ್ಡಿನದೂ ಇಷ್ಟೇ. ಒಂದು ಕುರಿಗೆ ಮಲಗಲು 10ರಿಂದ 12 ಚದರ ಅಡಿ ಸಾಕು. ಒಣ ನೆಲ, ಗಾಳಿ, ಮೇಲೆ ನೆರಳು ಇರಬೇಕು. ನಮ್ಮ ಕಾಡಂಚಿನ ಊರುಗಳಲ್ಲಿ ಚಿರತೆ, ಎಲ್ಲ ಊರಲ್ಲೂ ಬೀದಿನಾಯಿ ಇರುವುದರಿಂದ ಗಟ್ಟಿ ಜಾಲರಿ ಬೇಕೇ ಬೇಕು. ಬಿದಿರು, ಅಡಿಕೆ ಮರ, ಹಳೇ ಹೆಂಚಿನಲ್ಲೂ ಇದನ್ನು ಮಾಡಬಹುದು. ಐದು ಲಕ್ಷದ ಜಾಗದಲ್ಲಿ ಒಂದು ಲಕ್ಷದಲ್ಲಿ ಮುಗಿಸಿದರೆ ಬಡ್ಡಿಯಲ್ಲೇ ವರ್ಷಕ್ಕೆ 40,000 ಉಳಿಯಿತು.

ಮೂರನ್ನೂ ಕೂಡಿಸಿ ನೋಡಿ. ಅದೇ 20 ಕುರಿ, 500 ರೂಪಾಯಿಯ ಜಾಗದಲ್ಲಿ ಸವಾ ಲಕ್ಷ.

ಒಳ್ಳೇ ಟಗರು ಮಾರಬೇಡಿ

ಬಕ್ರೀದ್ ಬಂದಾಗ ನಾವು ಮಾಡುವ ತಪ್ಪು ಒಂದಿದೆ. ಮಂದೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಟಗರಿಗೆ ಒಳ್ಳೇ ಬೆಲೆ ಬರುತ್ತದೆ, ಕೊಟ್ಟುಬಿಡುತ್ತೇವೆ. ಬೀಜಕ್ಕೆ ಉಳಿಯುವುದು ಯಾರೂ ಕೇಳದ ಟಗರು. ಹೀಗೆ ನಾಲ್ಕೈದು ವರ್ಷ ಮಾಡಿದರೆ ಮರಿಗಳು ಕುಗ್ಗದೆ ಇನ್ನೇನಾಗುತ್ತವೆ? ಅಚ್ಚ ಬಂಡೂರು ತಳಿ ಕಡಿಮೆಯಾಗುತ್ತಾ ಬಂದಿರುವುದಕ್ಕೆ ಇದೂ ಒಂದು ಕಾರಣ ಅಂತ ನಾವು ನಂಬುತ್ತೇವೆ. ಬೀಜದ ಟಗರನ್ನು ಮೊದಲು ಆರಿಸಿ ಕಿವಿಗೆ ಓಲೆ ಹಾಕಿ, ಆಮೇಲೆ ವ್ಯಾಪಾರಿಯನ್ನು ಕರೆಯಿರಿ. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಿ, ಇಲ್ಲದಿದ್ದರೆ ತನ್ನ ಮಗಳ ಮೇಲೇ ಹಾರುತ್ತದೆ.

ಯಾವ ತಾಯಿಯ ಮರಿ ಚೆನ್ನಾಗಿ ಬಂತು, ಯಾವುದು ಎರಡು ಸಲ ಗಬ್ಬ ನಿಲ್ಲಲಿಲ್ಲ ಅನ್ನುವುದು ನೆನಪಿನಲ್ಲಿ ನಿಲ್ಲುವುದಿಲ್ಲ. 20 ರೂಪಾಯಿಯ ನೋಟ್‌ಬುಕ್ಕಿನಲ್ಲಿ ನಿಲ್ಲುತ್ತದೆ. ಓಲೆ ನಂಬರ್, ಈದ ದಿನ, ಮರಿಯ ತೂಕ, ಮೂರು ತಿಂಗಳಿಗೆ ತೂಕ, ಲಸಿಕೆಯ ದಿನ, ಸತ್ತರೆ ಯಾಕೆ. ಇಷ್ಟು ಬರೆಯಿರಿ.

ಸರ್ಕಾರಕ್ಕೂ ಒಂದು ಮಾತು

ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕುರಿ ಫಾರಂಗೆ ಶೇ 50 ಸಹಾಯಧನವಿದೆ. ಆದರೆ ಅದು ಶುರುವಾಗುವುದೇ 100 ಹೆಣ್ಣು, 5 ಗಂಡಿನಿಂದ. ಅದಕ್ಕೆ 10 ಲಕ್ಷದವರೆಗೆ, 500 ಕುರಿಗೆ 50 ಲಕ್ಷದವರೆಗೆ ಸಿಗುತ್ತದೆ. ಎರಡು ಎಕರೆ ಖುಷ್ಕಿ ಇಟ್ಟುಕೊಂಡು ಕುರಿಯನ್ನೇ ಕಾಣದ ಹುಡುಗ ನೂರು ಕುರಿಯಿಂದ ಶುರು ಮಾಡಿದರೆ ಆಗುವುದೇನು? ಸಹಾಯಧನ ಬರುತ್ತದೆ ಅಂತ ಶೆಡ್ ಕಟ್ಟಿದವರು ಎಷ್ಟೋ ಜನ, ಮರಿ ಉಳಿಸಲು ಕಲಿತವರು ಕಡಿಮೆ. 20 ಕುರಿಯವರಿಗೂ ಒಂದು ದಾರಿ ಬೇಕು. ಶೆಡ್ ನೋಡಿ ಕೊಡುವ ಹಣದಲ್ಲಿ ಒಂದು ಪಾಲು ಮೂರು ತಿಂಗಳು ದಾಟಿದ ಮರಿಯನ್ನು ನೋಡಿ ಕೊಡಲಿ. ಲಸಿಕೆ ಮಳೆಗೆ ಮುಂಚೆ ಹಳ್ಳಿಗೆ ತಲುಪಲಿ.

ಇನ್ನೊಂದು ಮಾತು. ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೆಬ್ಬಾಳದಲ್ಲಿ ಪಶು ವೈದ್ಯಕೀಯ ಕಾಲೇಜಿದೆ. ತರಬೇತಿಗೆ ಹೋಗುವಾಗ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ನಡುರಾತ್ರಿ ಎದ್ದು ಮರಿಗೆ ಹಾಲು ಕುಡಿಸುವವರು ಅವರು, ಸರ್ಟಿಫಿಕೇಟ್ ಇರುವುದು ಮಾತ್ರ ಗಂಡಸರ ಹೆಸರಿನಲ್ಲಿ.

ನಮ್ಮ ಬಳಗದವನ ಮನೆಯಲ್ಲಿ ಈಗ ಇರುವುದು 14 ಹೆಣ್ಣು ಕುರಿ, ಒಂದು ಟಗರು. ದೊಡ್ಡ ಶೆಡ್ಡಿನ ಅರ್ಧ ಭಾಗ ರೇಷ್ಮೆ ಮನೆಯಾಗಿದೆ. ಹುಳು ಬಿಟ್ಟ ಸೊಪ್ಪು ಪಕ್ಕದ ಅರ್ಧಕ್ಕೆ ಹೋಗುತ್ತದೆ. ಗೋಡೆಗೆ ನೇತುಹಾಕಿದ ಪುಸ್ತಕದಲ್ಲಿ ಅವರ ಅತ್ತಿಗೆಯ ಕೈಬರಹವಿದೆ. ಹೋದ ಮುಂಗಾರಿನಲ್ಲಿ ಸತ್ತದ್ದು ಒಂದೇ ಮರಿ. ಯಾಕೆ ಸತ್ತಿತು ಅಂತಲೂ ಅದರಲ್ಲಿ ಬರೆದಿದೆ.