ಗುಡ್ಡದಿಂದ ಇಳಿಯುವ ಉಸುಕಿಗೆ ಲೆಕ್ಕ ಬೇಡವೇ?

ಬಾದಾಮಿಯ ಮೂರನೇ ಗುಹೆಯಲ್ಲಿ ಎಲ್ಲರ ಕಣ್ಣೂ ಶಿಲ್ಪಗಳ ಮೇಲಿರುತ್ತದೆ. ಆ ಶಿಲ್ಪಗಳ ಮೈಮೇಲೆಯೇ ಕೆಂಪು, ಬಿಳಿ ಪಟ್ಟೆಗಳು ಹಾದುಹೋಗಿವೆ. ಕೆಲವು ಅಡ್ಡಲಾಗಿ, ಕೆಲವು ಓರೆಯಾಗಿ. ಹರಿಯುವ ನೀರು ಉಸುಕನ್ನು ಹೊತ್ತು ತಂದು ಪದರ ಪದರವಾಗಿ ಹಾಸಿದ ಗುರುತುಗಳವು. ಕ್ರಿ.ಶ. 578ರಲ್ಲಿ ಪೂರ್ಣಗೊಂಡ ಈ ಗುಹೆಗಾಗಿ ಚಾಲುಕ್ಯರ ಮಂಗಳೇಶನ ಶಿಲ್ಪಿಗಳು ಉಳಿ ಹಿಡಿಯುವ ಕೋಟ್ಯಂತರ ವರ್ಷ ಮೊದಲೇ ಇಲ್ಲೊಂದು ಪ್ರವಾಹ ಬಂದು ಹೋಗಿತ್ತು. ಭೂವಿಜ್ಞಾನಿಗಳು ಈ ಮರಳುಗಲ್ಲಿನ ಸ್ತರಕ್ಕೆ ಗುಹಾಲಯಗಳ ಹೆಸರನ್ನೇ ಇಟ್ಟು 'ಕೇವ್ ಟೆಂಪಲ್ ಅರೆನೈಟ್' ಎನ್ನುತ್ತಾರೆ.

ಬಾಗಲಕೋಟೆ ಜಿಲ್ಲೆಯಷ್ಟು ಸ್ಪಷ್ಟವಾಗಿ ನೆಲದ ಕಥೆ ಹೇಳುವ ಜಾಗ ರಾಜ್ಯದಲ್ಲಿ ಕಡಿಮೆ. ಇಳಕಲ್‌ನ ಕೆಂಪು ಗ್ರಾನೈಟ್ ಸುಮಾರು 250 ಕೋಟಿ ವರ್ಷದ ಹಿಂದೆ ಭೂಮಿಯೊಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ತಣಿದು ಗಟ್ಟಿಯಾದ ಶಿಲಾರಸ. ಅದು ಇಂದು ಕ್ವಾರಿಯಲ್ಲಿ ಕೈಗೆ ಸಿಗುತ್ತಿದೆ ಎಂದರೆ ಅದರ ಮೇಲಿದ್ದ ನೆಲವೆಲ್ಲ ಸವೆದು ಹೋಗಿದೆ ಎಂದೇ ಅರ್ಥ. ಅಂಥ ಹಳೆಯ ಶಿಲೆಗಳು ಪುಡಿಯಾದ ಮೇಲೆ ಕಲಾದಗಿ ಜಲಾನಯನದಲ್ಲಿ ಮರಳುಗಲ್ಲು, ಜೇಡುಗಲ್ಲು, ಸುಣ್ಣಕಲ್ಲುಗಳ ಪದರಗಳು ಕೂಡಿಬಂದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ಗ್ರಂಥದಲ್ಲಿ ಈ ಶಿಲೆಗಳನ್ನು ವಿವರಿಸಿದರು. ಮೊದಲು ಕೂಡಿದ ಪದರಗಳು ಒತ್ತಡಕ್ಕೆ ಸಿಕ್ಕಿ ಮಡಚಿ ವಾಲಿದವು, ಮತ್ತೆ ಸವೆದು ಮಟ್ಟಸವಾದವು. ಆ ಸವೆದ ನೆಲದ ಮೇಲೆ ಬಾದಾಮಿಯ ಉಸುಕು ಹೆಚ್ಚುಕಡಿಮೆ ಸಪಾಟಾಗಿ ಹರಡಿಕೊಂಡಿತು. ಒಂದು ಗುಡ್ಡ ಅಳಿದ ಜಾಗದಲ್ಲೇ ಇನ್ನೊಂದರ ಬುನಾದಿ.

ಈ ಕೆಲಸ ಇನ್ನೂ ನಡೆದಿದೆ. ಮಳೆನೀರು ಮರಳುಗಲ್ಲಿನ ಬಿರುಕುಗಳಲ್ಲಿ ಇಳಿಯುತ್ತದೆ, ಜೊತೆಗೆ ಲವಣವೂ. ಬೇಸಿಗೆಯಲ್ಲಿ ನೀರು ಆರಿದಾಗ ಲವಣ ಹರಳುಗಟ್ಟಿ ಕಲ್ಲಿನ ಕಣಗಳನ್ನು ಒಂದೊಂದಾಗಿ ತಳ್ಳುತ್ತದೆ. ಬಂಡೆಗಳಲ್ಲಿ ಜೇನುಹುಟ್ಟಿನಂತೆ ಕಾಣುವ ಕುಳಿಗಳು ಮೂಡುವುದು ಹೀಗೆ. ಬೆರಳಾಡಿಸಿದರೆ ಸಾಕು, ಸಣ್ಣ ಕೆಂಪು ಉಸುಕು ಉದುರುತ್ತದೆ. ನೆಟ್ಟಗೆ ಸೀಳಿದ ಬಿರುಕುಗಳು ಅಗಲವಾದಾಗ ಬಂಡೆಯೇ ಕಳಚಿ ಕೆಳಗೆ ಬೀಳುತ್ತದೆ. ಆದ್ದರಿಂದ ಗುಹೆಯೊಳಗಿನ ಶಿಲ್ಪವನ್ನು ಮಾತ್ರ ಕಾದರೆ ಸಾಲದು, ಗುಹೆಯ ನೆತ್ತಿಯ ಮೇಲೆ ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನೂ ಕಾಯಬೇಕು. ಶಿಲ್ಪ ಉಳಿಯುವುದು ಗುಡ್ಡ ಉಳಿದಷ್ಟು ದಿನ ಮಾತ್ರ.

ಉದುರಿದ ಉಸುಕು ಹಳ್ಳ ಹಿಡಿದು ಮಲಪ್ರಭೆ ಸೇರುತ್ತದೆ. ನಾವು ಎಡವಿರುವುದು ಅಲ್ಲಿಂದ ಮುಂದೆ. ಮೇಲೆ ನವಿಲುತೀರ್ಥದ ಅಣೆಕಟ್ಟು ನದಿಯ ಹೂಳನ್ನು ತಡೆದು ನಿಲ್ಲಿಸುತ್ತದೆ. ಕೆಳಗೆ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುವಾಗ ಎದುರಾಗುವುದು ನಾರಾಯಣಪುರ ಜಲಾಶಯದ ಹಿನ್ನೀರು. ನಿಂತ ನೀರಿಗೆ ಬಂದ ನದಿ ಹೊತ್ತದ್ದನ್ನು ಅಲ್ಲೇ ಇಳಿಸುತ್ತದೆ. ನಡುವಿನ ಪಾತ್ರದಲ್ಲಿ ವರ್ಷದ ಬಹುಪಾಲು ತೆಳ್ಳನೆಯ ಹರಿವು. ಆ ಪಾತ್ರದಿಂದ ಉಸುಕು ಎತ್ತಿದ್ದೇವೆ, ದಂಡೆಯ ಎರೆ ಮಣ್ಣಿಗೆ ಆಸೆಪಟ್ಟು ಹೊಲವನ್ನು ನದಿಯೊಳಗೇ ತಳ್ಳಿದ್ದೇವೆ, ಉಳಿದಲ್ಲಿ ಜಾಲಿ ಬೆಳೆದಿದೆ. ಹೀಗೆ ಸೊರಗಿದ ಪಾತ್ರಕ್ಕೆ 2009ರ ಮಳೆ ಬಂತು, 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ಬಿಟ್ಟ ನೀರು ಬಂತು. ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೆ ನದಿ ನುಗ್ಗಿತು, ದಂಡೆಯ ಹಳ್ಳಿಗಳ ಜನ ಮನೆ ಬಿಟ್ಟು ಓಡಿದರು. ಮಳೆ, ಡ್ಯಾಮಿನ ಗೇಟು ಎರಡನ್ನೂ ದೂರಿದೆವು. ನದಿ ಎಷ್ಟು ಅಗಲವಿತ್ತು, ಈಗ ಎಷ್ಟಿದೆ ಎಂದು ಕೇಳಿದವರು ಕಡಿಮೆ.

ಕಾರಣ ಆಡಳಿತದ ವಿಂಗಡಣೆಯಲ್ಲೇ ಇದೆ. ಗುಹೆ ಪುರಾತತ್ವ ಇಲಾಖೆಗೆ, ಉಸುಕು ಮತ್ತು ಗ್ರಾನೈಟ್ ಗಣಿ ಇಲಾಖೆಗೆ, ಜಲಾಶಯ ನೀರಾವರಿಗೆ, ನೆರೆ ಪರಿಹಾರ ಕಂದಾಯಕ್ಕೆ. ಗುಡ್ಡ, ಹಳ್ಳ, ನದಿ, ಹಿನ್ನೀರು ಎಲ್ಲವೂ ಒಂದೇ ಸವಕಳಿಯ ಹಾದಿಯಲ್ಲಿವೆ. ಆ ಹಾದಿಯನ್ನು ಆರಂಭದಿಂದ ಕೊನೆಯವರೆಗೆ ನೋಡುವ ಹೊಣೆ ಯಾರದೂ ಅಲ್ಲ. ಗುಡ್ಡದ ಕೆಳಗಿನ ಮಸಾರಿ ಹೊಲಗಳಿಗೆ ಒಡ್ಡು ಹಾಕಿಸುವ ಕೃಷಿ ಇಲಾಖೆಯೂ ಇದೇ ಹಾದಿಯಲ್ಲಿದೆ. ಒಡ್ಡು ಒಡೆದ ಹೊಲದ ಮಣ್ಣು ಹೋಗಿ ತುಂಬುವುದು ಇದೇ ನದಿಯನ್ನು.

ಮಾಡಬೇಕಾದ್ದು ಕಷ್ಟದ್ದೇನಲ್ಲ. ನವಿಲುತೀರ್ಥದಿಂದ ಕೂಡಲಸಂಗಮದವರೆಗೆ ಗೊತ್ತಾದ ಜಾಗಗಳಲ್ಲಿ ಪ್ರತಿ ಮುಂಗಾರಿನ ಮುಂಚೆ ಮತ್ತು ನಂತರ ನದಿಯ ಅಗಲ, ಆಳ ಅಳೆಯಬೇಕು. ಎಷ್ಟು ಉಸುಕು ಬಂತು, ಎಷ್ಟು ಎತ್ತಲಾಯಿತು ಎಂಬುದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕಾಣಬೇಕು. ಬಂದದ್ದಕ್ಕಿಂತ ಹೆಚ್ಚು ಎತ್ತಲು ಪರವಾನಗಿ ಕೊಡಬಾರದು. ನದಿಯ ಗಡಿಗೆ ಕಲ್ಲು ನೆಡಬೇಕು. ಒತ್ತುವರಿ ತೆರವಾಗುವಾಗ ಬಡ ರೈತನಿಗೆ ಬದಲಿ ದಾರಿ ತೋರಿಸಬೇಕು.

ಘಟಪ್ರಭೆಗೂ ಇದೇ ಮಾತು. ಅದರ ದಂಡೆಯ ಬಾಗಲಕೋಟೆಯ ಹಳೆಯ ಊರಿನ ಒಂದು ಭಾಗವನ್ನು ನುಂಗಿದ್ದು ಆಲಮಟ್ಟಿಯ ಹಿನ್ನೀರು. ಆ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಸರ್ಕಾರದ ಮುಂದಿದೆ. ಮಟ್ಟ ಏರಿದರೆ ನಿಂತ ನೀರು ಇನ್ನಷ್ಟು ಮೇಲಕ್ಕೆ ಸರಿಯುತ್ತದೆ, ಹೂಳು ಕೂರುವ ಜಾಗವೂ ಅದರ ಜೊತೆ ಮೇಲಕ್ಕೆ ಬರುತ್ತದೆ. ಮುಳುಗುವ ಎಕರೆಗಳ ಚರ್ಚೆ ಸಾಕಷ್ಟು ಆಗಿದೆ. ಹೂಳು ಎಲ್ಲಿ ನಿಂತೀತು, ಅದರಿಂದ ಮುಳುಗಡೆ ಗೆರೆಯಾಚೆಯ ಯಾವ ಊರಿಗೆ ನೆರೆ ಬಂದೀತು ಎಂಬ ಅಧ್ಯಯನವನ್ನು ಗೇಟು ಎತ್ತರಿಸುವ ಮುನ್ನವೇ ಜನರ ಮುಂದೆ ಇಡಬೇಕು.