ಮೊದಲು ಪಿಸ್ಟನ್ ತಗೊಳ್ಳಿ

"ಆರ್‌ಎಕ್ಸ್ 100 ಇಂಜಿನ್ ಪೂರ್ತಿ ಬಿಚ್ಚಿಸ್ತಿದೀನಿ ಗುರು, ಬೆಂಗಳೂರಲ್ಲಿ ಒಳ್ಳೇ ಬೋರಿಂಗ್ ಶಾಪ್ ಯಾವ್ದು?" ಅಂತ ಆಫೀಸಿನಲ್ಲಿ ಯಾರಾದರೂ ಕೇಳ್ತಾನೇ ಇರ್ತಾರೆ. ಕೇಳುವ ಹೊತ್ತಿಗೆ ಅಂಗಡಿ ಆಯ್ಕೆಯಾಗಿರುತ್ತೆ: ಇನ್‌ಸ್ಟಾಗ್ರಾಮ್‌ನಲ್ಲಿ ಲಕ್ಷ ಫಾಲೋವರ್ಸ್, ಗೋಡೆ ತುಂಬಾ ಸ್ಟಿಕರ್. ನಂಗೆ ಮೈ ಉರಿಯೋದು ಇದಕ್ಕೇ. ಸ್ಟಿಕರ್ ಕಬ್ಬಿಣ ಕೊರೆಯಲ್ಲ.

ಬ್ಲಾಕ್ ಮುಂದಿಟ್ಟಾಗ "ಪಿಸ್ಟನ್ ಎಲ್ಲಿ?" ಅಂತ ಕೇಳದೆ "ಬಿಟ್ಟೋಗಿ ಸಾರ್, ಸಂಜೆ ಬನ್ನಿ" ಅಂದರೆ ಎತ್ತಿಕೊಂಡು ಬಂದುಬಿಡಿ. ಡಬ್ಬಿ ಮೇಲೆ 0.50 ಓವರ್‌ಸೈಜ್ ಅಂತಿದ್ದ ಮಾತ್ರಕ್ಕೆ ಒಳಗಿನ ಪಿಸ್ಟನ್ ಕರಾರುವಾಕ್ಕಾಗಿ ಅಷ್ಟೇ ಇರಬೇಕೆಂದಿಲ್ಲ. ಅದು ಕಣ್ಣಿಗೆ ಗುಂಡಗೆ ಕಂಡರೂ ಪೂರ್ತಿ ಗುಂಡಗಿರಲ್ಲ. ಪಿನ್‌ಗೆ ಅಡ್ಡಲಾಗಿ, ಸ್ಕರ್ಟಿನ ಕೆಳಭಾಗದಲ್ಲಿ ಮೈಕ್ರೋಮೀಟರ್ ಇಟ್ಟು ಅಳೆದು, ಆ ಅಳತೆಗೆ ಬೋರ್ ಮಾಡಬೇಕು, ಕೊನೆಯ ಚೂರನ್ನು ಹೋನಿಂಗಿಗೆ ಉಳಿಸಬೇಕು. ಆಮೇಲೆ ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ನೋಡಬೇಕು. ಲೆಕ್ಕ ನಡೆಯೋದು ಮಿಲಿಮೀಟರಿನ ನೂರನೇ ಭಾಗದಲ್ಲಿ. ಬೆರಳಲ್ಲಿ ಸವರಿ "ಸೂಪರಾಗಿದೆ" ಅನ್ನೋರಿಗೆ ಅದು ಸಿಗಲ್ಲ. ನಮ್ಮೂರ ಟೈಲರ್ ಕೂಡ ಅಳತೆ ರವಿಕೆ ಇಲ್ಲದೆ ಕತ್ತರಿ ಮುಟ್ಟಲ್ಲ.

ಮೆಷಿನ್ ಹಳೇದು ಅಂತ ಮೂಗು ಮುರಿಯಬೇಡಿ. ಗ್ರೀಸ್ ಮೆತ್ತಿದ ಗಲ್ಲಿ ಅಂಗಡಿಯಲ್ಲೂ ಗೇಜನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟ ಯಜಮಾನರಿದ್ದಾರೆ.

ಗ್ಯಾಪ್ ಕಡಿಮೆಯಾದರೆ ಏನಾಗುತ್ತೆ? ಬಿಸಿಗೆ ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಲೈನರ್‌ಗಿಂತ ಜಾಸ್ತಿ ಹಿಗ್ಗಿ ಕಚ್ಚಿಕೊಳ್ಳುತ್ತೆ. ತುಮಕೂರು ರೋಡಲ್ಲಿ ಎಂಬತ್ತರ ಸ್ಪೀಡಿನಲ್ಲಿದ್ದಾಗ ಹಿಂದಿನ ಚಕ್ರ ಲಾಕ್! ಕೈ ಕ್ಲಚ್ಚಿಗೆ ಹೋಗೋದು ತಡವಾದರೆ ಮುಂದಿನದು ಆಸ್ಪತ್ರೆ. ಎರಡು ಸಾವಿರ ಉಳಿಸೋಕೆ ಚೌಕಾಸಿ ಮಾಡಿದ್ದು ಇದಕ್ಕಾ?

ಇನ್ನು "ಪೋರ್ಟಿಂಗೂ ಮಾಡ್ಕೊಡ್ತೀವಿ" ಅನ್ನೋರು. ಎಕ್ಸಾಸ್ಟ್ ಪೋರ್ಟ್ ಎತ್ತರಿಸಿದರೆ ಶಕ್ತಿ ಮೇಲಿನ ಆರ್‌ಪಿಎಂಗೆ ಸರಿಯುತ್ತೆ, ಕೆಳಗಿನ ಎಳೆತ ಸಾಯುತ್ತೆ. ದಿನಾ ಸಿಲ್ಕ್ ಬೋರ್ಡಲ್ಲಿ ತೆವಳುವ ಬೈಕಿಗೆ ಅದ್ಯಾಕೆ? ಗಾಡಿ ಎಲ್ಲಿ ಓಡಿಸ್ತೀರಿ ಅಂತ ಕೇಳದೆಯೇ ಗ್ರೈಂಡರ್ ಹಿಡಿಯೋರ ಹತ್ರ ಬ್ಲಾಕ್ ಕೊಡಬೇಡಿ. ಕಬ್ಬಿಣಕ್ಕೆ ಕಂಟ್ರೋಲ್ ಜೆಡ್ ಇಲ್ಲ ಸ್ವಾಮಿ.

ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ. ಪಿಸ್ಟನ್ ಬರೋದು ಸಾಮಾನ್ಯವಾಗಿ 0.25 ಮಿಮೀ ಹೆಜ್ಜೆಗಳಲ್ಲಿ, ಕೆಟ್ಟ ಬೋರಿಂಗ್ ಒಂದೊಂದೂ ಒಂದು ಹೆಜ್ಜೆ ನುಂಗುತ್ತೆ. ಅವು ಮುಗಿದರೆ ಲೈನರನ್ನೇ ಬದಲಿಸಬೇಕು. ಅದಕ್ಕೇ ದುಡ್ಡು ಕೊಡೋಕೆ ಮುಂಚೆ, ಎಷ್ಟು ಕ್ಲಿಯರೆನ್ಸ್ ಬಿಟ್ಟಿದ್ದಾರೆ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಪೆನ್ ಇಲ್ಲ ಸಾರ್ ಅಂದ್ರೆ ನಿಮ್ಮದೇ ಕೊಡಿ.